ದೋಷ ಬೋರ್ಡಿನಲ್ಲಿಲ್ಲ

ವಿಡಿಯೋ ಗೇಮ್ ಕೆಟ್ಟಿತು ಎಂದಾಕ್ಷಣ ನಮ್ಮ ಕಡೆಯವರ ಅನುಮಾನ ಮೊದಲು ಹೋಗುವುದು ಬೋರ್ಡಿನ ಮೇಲೆ. 'ಬೋರ್ಡೇ ಹೋಗದೆ ಕಣಣ್ಣ' ಎಂಬ ಮಾತನ್ನು ತೊಂಬತ್ತರ ದಶಕದಲ್ಲಿ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸುತ್ತ ಟಿವಿಗೂ ಹೇಳುತ್ತಿದ್ದರು, ಟೇಪ್ ರೆಕಾರ್ಡರಿಗೂ ಹೇಳುತ್ತಿದ್ದರು, ಟಿವಿಗೆ ಸಿಕ್ಕಿಸಿ ಆಡುವ ಗೇಮಿಗೂ ಹೇಳುತ್ತಿದ್ದರು. ಈಗ ಮನೆಯ ಮೂಲೆಯಲ್ಲಿ ಪ್ಲೈವುಡ್ಡಿನ ಆರ್ಕೇಡ್ ಪೆಟ್ಟಿಗೆ ಕಟ್ಟಿಕೊಂಡು, ಒಳಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೂರಿಸಿ ಹಳೆಯ ಆಟಗಳನ್ನು ಆಡುವವರೂ ಅದನ್ನೇ ಹೇಳುತ್ತಾರೆ. ಆಟ ಬದಲಾಗಿದೆ, ಯಂತ್ರ ಬದಲಾಗಿದೆ, ಆಪಾದನೆ ಮಾತ್ರ ಬದಲಾಗಿಲ್ಲ. ಆ ಕಾಲದಿಂದ ಈ ಕಾಲದವರೆಗಿನ ರಿಪೇರಿಗಳನ್ನು ಒಟ್ಟಿಗೆ ನೆನೆದಾಗ ನನಗೆ ಅನ್ನಿಸುವುದು ಇಷ್ಟು: ಬೋರ್ಡು ಬಹಳ ಸಲ ನಿರಪರಾಧಿ. ದೋಷ ಇರುವುದು ಕೈ ತಾಗುವ ಕಡೆ. ಇಲ್ಲವೆ ಕೈಯಿಂದ ಬೋರ್ಡಿಗೆ ಹೋಗುವ ದಾರಿಯಲ್ಲಿ, ಎರಡು ವಸ್ತುಗಳು ಕೂಡುವ ಜಾಗದಲ್ಲಿ. ಆದ್ದರಿಂದ ಹುಡುಕಾಟ ಕೈಯ ಕಡೆಯಿಂದ ಶುರುವಾಗಿ ಒಳಕ್ಕೆ ಹೋಗಬೇಕು. ನಾವು ಮಾಡುವುದು ಇದರ ತಿರುಗುಮುರುಗು.

ತೊಂಬತ್ತರ ದಶಕದ ಟಿವಿ ಗೇಮನ್ನೇ ಮೊದಲು ತೆಗೆದುಕೊಳ್ಳೋಣ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ತಂದಿತು. ಅದರ ನಕಲುಗಳು ನಾನಾ ಹೆಸರಿನಲ್ಲಿ ನಮ್ಮ ತಾಲ್ಲೂಕು ಪಟ್ಟಣಗಳವರೆಗೂ ಬಂದವು. ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟ ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದುದು ಹತ್ತಾರು, ಉಳಿದದ್ದೆಲ್ಲ ಅವೇ ಆಟಗಳ ಪುನರಾವರ್ತನೆ. ಈ ನಕಲು ಯಂತ್ರಗಳ ಮುಖ್ಯ ಚಿಪ್ಪು ಬೋರ್ಡಿನ ಮೇಲೆ ಕರಿ ಅಂಟಿನ ಒಂದು ಗುಳ್ಳೆಯಡಿ ಮುಚ್ಚಿಹೋಗಿರುತ್ತಿತ್ತು. ಅದನ್ನು ಯಾರೂ ಬಿಚ್ಚುವಂತಿರಲಿಲ್ಲ, ಹಾಗಾಗಿ ಅದರ ಮೇಲೆ ಅನುಮಾನ ಹುಟ್ಟುವುದೂ ಸುಲಭವಾಗಿತ್ತು. ಆದರೆ ಹಾಳಾಗುತ್ತಿದ್ದದ್ದು ಯಾವುದು? ಕೈಯಲ್ಲಿ ಹಿಡಿಯುವ ಜಾಯ್‌ಸ್ಟಿಕ್. ಅದರ ಬಟನ್ನಿನ ಕೆಳಗೆ ಮೆತ್ತನೆಯ ರಬ್ಬರು, ರಬ್ಬರಿನ ತಳದಲ್ಲಿ ಇಂಗಾಲದ ಒಂದು ಕಪ್ಪು ಚುಕ್ಕೆ, ಅದರ ಕೆಳಗೆ ಒಂದಕ್ಕೊಂದು ತಾಗದಂತೆ ಹೆಣೆದ ಎರಡು ಗೆರೆಗಳು. ಬಟನ್ ಒತ್ತಿದರೆ ಚುಕ್ಕೆ ಎರಡೂ ಗೆರೆಗಳನ್ನು ಕೂಡಿಸುತ್ತದೆ, ಬಿಟ್ಟರೆ ರಬ್ಬರು ಮೇಲೇಳುತ್ತದೆ. ಇಡೀ ಯಂತ್ರದಲ್ಲಿ ದಿನಕ್ಕೆ ಸಾವಿರ ಸಲ ಏಳುತ್ತ ಬೀಳುತ್ತ ಇದ್ದದ್ದು ಇದೊಂದೇ. ಚುಕ್ಕೆ ಸವೆಯುತ್ತಿತ್ತು, ಇಲ್ಲವೆ ಬೆವರು, ಧೂಳು, ಎಣ್ಣೆ ಜಿಡ್ಡು ಸೇರಿ ಅದರ ಮೇಲೊಂದು ಪೊರೆ ಕಟ್ಟುತ್ತಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿದರೆ, ಪೆನ್ಸಿಲಿನ ಸೀಸ ತಿಕ್ಕಿದರೆ ಮತ್ತೆ ಕೆಲಸ ಮಾಡುತ್ತಿತ್ತು. ಎರಡನೆಯ ಸಾಮಾನ್ಯ ದೋಷ ವೈರು. ಅದು ಜಾಯ್‌ಸ್ಟಿಕ್ಕಿನಿಂದ ಹೊರಬರುವ ಕುತ್ತಿಗೆಯಲ್ಲೋ ಪ್ಲಗ್ಗಿನ ಬುಡದಲ್ಲೋ ಮಡಚಿ ಮಡಚಿ ಒಳಗೊಳಗೇ ತುಂಡಾಗುತ್ತಿತ್ತು. ಮೂರನೆಯದು ಕ್ಯಾಸೆಟ್ಟಿನ ಪಿನ್ನು. ಕ್ಯಾಸೆಟ್ಟಿಗೆ ಬಾಯಿಂದ ಊದಿ ಹಾಕುವುದು ಊರೂರಿನ ವಾಡಿಕೆಯಾಗಿತ್ತು. ನಿಂಟೆಂಡೊ ಊದಬೇಡಿ ಎಂದೇ ಹೇಳಿತ್ತು, ಉಸಿರಿನ ತೇವ ಪಿನ್ನಿಗೆ ಒಳ್ಳೆಯದಲ್ಲ. ಊದಿದ ಮೇಲೆ ಆಟ ಬರುತ್ತಿದ್ದದ್ದು ಊದಿದ್ದಕ್ಕಿಂತ ಹೆಚ್ಚಾಗಿ, ಕ್ಯಾಸೆಟ್ಟನ್ನು ತೆಗೆದು ಮತ್ತೆ ಹಾಕುವಾಗ ಪಿನ್ನುಗಳು ಉಜ್ಜಿ ಚೊಕ್ಕವಾಗುತ್ತಿದ್ದುದರಿಂದ. ಈ ಮೂರರಲ್ಲಿ ಒಂದೂ ಬೋರ್ಡಿನ ದೋಷವಲ್ಲ.

ಆರ್ಕೇಡ್ ಯಂತ್ರಗಳ ಚರಿತ್ರೆಯ ಆರಂಭದ ಒಂದು ರಿಪೇರಿ ಪ್ರಸಂಗವೂ ಇದನ್ನೇ ಹೇಳುತ್ತದೆ. ಅಟಾರಿ ಕಂಪನಿಯ ಎಂಜಿನಿಯರ್ ಆಲ್ ಆಲ್ಕಾರ್ನ್ 1972ರಲ್ಲಿ ಕಟ್ಟಿದ ಪಾಂಗ್ ಆಟದ ಮೊದಲ ಪೆಟ್ಟಿಗೆಯನ್ನು ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಆ್ಯಂಡಿ ಕ್ಯಾಪ್ಸ್ ಎಂಬ ಮದ್ಯದಂಗಡಿಯಲ್ಲಿ ಪರೀಕ್ಷೆಗೆ ಇಟ್ಟಿದ್ದರು. ಕೆಲವು ದಿನಗಳಲ್ಲೇ ಯಂತ್ರ ನಿಂತಿದೆ ಎಂದು ದೂರು ಬಂತು. ಚಿಪ್ಪುಗಳನ್ನು ಕೈಯಾರೆ ಜೋಡಿಸಿದ್ದ, ಅದುವರೆಗೆ ಜನ ಕಂಡಿರದಂಥ ಸರ್ಕ್ಯೂಟು ಅದು. ಅನುಮಾನಿಸಲು ಅದಕ್ಕಿಂತ ಯೋಗ್ಯವಾದ ವಸ್ತು ಬೇರೆ ಇರಲಿಲ್ಲ. ಆಲ್ಕಾರ್ನ್ ಹೋಗಿ ಪೆಟ್ಟಿಗೆ ತೆರೆದರೆ, ನಾಣ್ಯ ಬೀಳುವ ಡಬ್ಬ ತುಂಬಿ ತುಳುಕಿ ಹೊಸ ನಾಣ್ಯ ಒಳಗೆ ಇಳಿಯಲು ಜಾಗವೇ ಇರಲಿಲ್ಲ. ಇದನ್ನು ವಿಡಿಯೋ ಗೇಮ್ ಉದ್ಯಮದ ಗೆಲುವಿನ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ನನಗೆ ಅದು ರಿಪೇರಿಯ ಕಥೆ. ಯಂತ್ರದ ಬುದ್ಧಿ ಸರಿಯಾಗಿತ್ತು. ಗಿರಾಕಿಯ ಕೈ ಬಂದು ಮುಟ್ಟುವ ಕಿಂಡಿ ಕಟ್ಟಿಕೊಂಡಿತ್ತು.

ಮನೆಯ ಆರ್ಕೇಡ್ ಪೆಟ್ಟಿಗೆಯ ಮುಂಭಾಗದ ಹಲಗೆಯನ್ನು ಎತ್ತಿ ನೋಡಿದರೆ ವಾದ ಇನ್ನೂ ಸ್ಪಷ್ಟವಾಗುತ್ತದೆ. ಪ್ರತಿ ಬಟನ್ನಿನ ಅಡಿಗೆ ಒಂದು ಮೈಕ್ರೋಸ್ವಿಚ್. ಅದಕ್ಕೆ ಸಾಮಾನ್ಯವಾಗಿ ಮೂರು ಕಾಲು: ಒಂದು ಕಾಮನ್, ಒಂದು ಒತ್ತಿದಾಗ ಕೂಡುವುದು, ಇನ್ನೊಂದು ಒತ್ತಿದಾಗ ಬಿಡುವುದು. ವೈರನ್ನು ಮೂರನೆಯದಕ್ಕೆ ಸಿಕ್ಕಿಸಿದರೆ ಆಟದ ಮನುಷ್ಯ ಯಾರೂ ಮುಟ್ಟದೆಯೇ ಗುಂಡು ಹಾರಿಸುತ್ತಲೇ ಇರುತ್ತಾನೆ, ಬಟನ್ ಒತ್ತಿದಾಗ ಮಾತ್ರ ನಿಲ್ಲಿಸುತ್ತಾನೆ. ಸಾಫ್ಟ್‌ವೇರ್ ಹುಚ್ಚು ಹಿಡಿದಂತೆ ಕಾಣುವ ಈ ದೋಷದ ಪರಿಹಾರ ಒಂದು ವೈರನ್ನು ಅರ್ಧ ಇಂಚು ಆಚೆ ಸರಿಸುವುದು. ಪ್ರತಿ ಸ್ವಿಚ್ಚಿನ ಒಂದು ಕಾಲಿನಿಂದ ಎನ್‌ಕೋಡರ್ ಎಂಬ ಸಣ್ಣ ಬೋರ್ಡಿಗೆ ಒಂದೊಂದು ಪ್ರತ್ಯೇಕ ವೈರು ಹೋಗುತ್ತದೆ. ಇನ್ನೊಂದು ಕಾಲನ್ನು ಗ್ರೌಂಡಿಗೆ ಸೇರಿಸುತ್ತಾರೆ. ಎಷ್ಟೋ ಪೆಟ್ಟಿಗೆಗಳಲ್ಲಿ ಈ ಗ್ರೌಂಡ್ ವೈರು ಬಟನ್ನಿನಿಂದ ಬಟನ್ನಿಗೆ ಸರಪಳಿಯಂತೆ ಸಾಗುತ್ತದೆ. ಎನ್‌ಕೋಡರ್ ತನ್ನ ಪ್ರತಿ ಕಾಲನ್ನೂ ಸಣ್ಣ ವೋಲ್ಟೇಜಿನಲ್ಲಿ ಎತ್ತಿ ಹಿಡಿದಿರುತ್ತದೆ. ಬಟನ್ ಒತ್ತಿದಾಗ ಅದು ಗ್ರೌಂಡಿಗೆ ಇಳಿಯುತ್ತದೆ, ಯಾವುದು ಇಳಿಯಿತೋ ಆ ಬಟನ್ ಒತ್ತಲ್ಪಟ್ಟಿದೆ ಎಂದು ಲೆಕ್ಕ. ಜಪಾನಿನ ಆರ್ಕೇಡ್ ತಯಾರಕರ ಸಂಘ 1985ರಲ್ಲಿ ತಂದ ಜಾಮಾ ಎಂಬ 56 ಪಿನ್ನಿನ ಜೋಡಣೆಯ ಪದ್ಧತಿಯೂ ಇದೇ ತತ್ವದ್ದು, ಇಂದಿನ ಯುಎಸ್‌ಬಿ ಎನ್‌ಕೋಡರೂ ಇದೇ ತತ್ವದ್ದು.

ಇಷ್ಟು ತಿಳಿದರೆ ಪೆಟ್ಟಿಗೆ ತಾನೇ ಮಾತಾಡುತ್ತದೆ. ಒಂದೇ ಬಟನ್ ಸತ್ತಿದ್ದರೆ ದೋಷ ಆ ಬಟನ್ನಿನಲ್ಲಿ ಅಥವಾ ಅದಕ್ಕೇ ಮೀಸಲಾದ ವೈರಿನಲ್ಲಿ. ಸಾಲಿನಲ್ಲಿ ಮೊದಲ ಮೂರು ಕೆಲಸ ಮಾಡಿ ನಾಲ್ಕನೆಯದರಿಂದ ಮುಂದಿನವೆಲ್ಲ ಸತ್ತಿದ್ದರೆ ಗ್ರೌಂಡಿನ ಸರಪಳಿ ಮೂರು ಮತ್ತು ನಾಲ್ಕರ ನಡುವೆ ಕಡಿದಿದೆ. ಒಬ್ಬ ಆಟಗಾರನ ಕಡೆಯ ಎಲ್ಲವೂ ಒಟ್ಟಿಗೆ ಸತ್ತಿದ್ದರೆ ಗ್ರೌಂಡು ಎನ್‌ಕೋಡರಿಗೆ ಸೇರುವ ಜಾಗವನ್ನೋ, ಯುಎಸ್‌ಬಿ ವೈರನ್ನೋ ನೋಡಬೇಕು. ಬಟನ್ ಬಿಟ್ಟಮೇಲೂ ಒತ್ತಿದಂತೆಯೇ ಇದ್ದರೆ ಅದು ಸಿಕ್ಕಿಕೊಂಡ ಗುಂಡಿ ಅಥವಾ ಪಕ್ಕದ ಲೋಹಕ್ಕೆ ತಾಗಿದ ವೈರು. ಇವನ್ನು ಖಚಿತಪಡಿಸಿಕೊಳ್ಳಲು ದುಬಾರಿ ಸಲಕರಣೆ ಬೇಡ. ಒಂದು ತುಂಡು ವೈರು ತೆಗೆದುಕೊಂಡು ಸ್ವಿಚ್ಚಿನ ಎರಡು ಕಾಲುಗಳನ್ನು ನೇರವಾಗಿ ಕೂಡಿಸಿದಾಗ ಆಟ ಸ್ಪಂದಿಸಿದರೆ ಸ್ವಿಚ್ಚು ಕೆಟ್ಟಿದೆ. ಸ್ಪಂದಿಸದಿದ್ದರೆ ಅದೇ ಕೆಲಸವನ್ನು ಎನ್‌ಕೋಡರಿನ ಬುಡದಲ್ಲಿ ಮಾಡಬೇಕು. ಅಲ್ಲಿ ಸ್ಪಂದಿಸಿದರೆ ನಡುವಿನ ವೈರು ತುಂಡಾಗಿದೆ. ಅಲ್ಲಿಯೂ ಸ್ಪಂದಿಸದಿದ್ದರೆ ಮಾತ್ರ ಬೋರ್ಡಿನ ಮೇಲೆ ಅನುಮಾನಪಡುವ ಹಕ್ಕು ನಮಗೆ ಬರುತ್ತದೆ. (ಇದು ಎನ್‌ಕೋಡರಿನ ಕಡೆಯ ಸಣ್ಣ ವೋಲ್ಟೇಜಿನ ವೈರುಗಳ ಮಾತು. ಟಿವಿಗೆ, ಪವರ್ ಸಪ್ಲೈಗೆ ಹೋಗುವ 230 ವೋಲ್ಟಿನ ವೈರಿಗೆ ಈ ಪ್ರಯೋಗ ಸಲ್ಲದು.)

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಒಳ್ಳೆಯ ಮೈಕ್ರೋಸ್ವಿಚ್ಚು ಒಂದು ಕೋಟಿ ಸಲ ಒತ್ತಿದರೂ ಬಾಳುತ್ತದೆ ಎಂದು ತಯಾರಕರು ಹೇಳುತ್ತಾರೆ. ಮನೆಯಲ್ಲಿ ವಾರಕ್ಕೊಮ್ಮೆ ಆಡುವ ಪೆಟ್ಟಿಗೆಯಲ್ಲಿ ಅದು ಹೇಗೆ ಕೆಡುತ್ತದೆ? ಕೋಟಿಯ ಲೆಕ್ಕ ಒಳಗಿನ ಸ್ಪ್ರಿಂಗಿನದು. ವಿದ್ಯುತ್ತು ದಾಟುವ ಮುಖಕ್ಕೆ ಬೇರೆಯೇ ಕಷ್ಟವಿದೆ. ಪೇಟೆಯಲ್ಲಿ ಸಿಗುವ ಎಷ್ಟೋ ಮೈಕ್ರೋಸ್ವಿಚ್ಚುಗಳು ಹತ್ತು ಹದಿನೈದು ಆಂಪಿಯರ್ ಕರೆಂಟಿಗೆ ಮಾಡಿದಂಥವು, ಅವುಗಳ ಮುಖ ಬೆಳ್ಳಿಯದು. ಬೆಳ್ಳಿಯ ಮೇಲೆ ಕಾಲಕ್ರಮದಲ್ಲಿ ಕಪ್ಪು ಪೊರೆ ಕಟ್ಟುತ್ತದೆ. ದೊಡ್ಡ ಕರೆಂಟಿನ ಕಿಡಿ ಆ ಪೊರೆಯನ್ನು ಪ್ರತಿ ಸಲವೂ ಸುಟ್ಟು ಹಾಕುತ್ತದೆ. ಆಟದ ಪೆಟ್ಟಿಗೆಯಲ್ಲಿ ಹರಿಯುವುದು ಮೂರು ಅಥವಾ ಐದು ವೋಲ್ಟಿನ, ಮಿಲಿ ಆಂಪಿಯರುಗಳ ಕರೆಂಟು. ಅದಕ್ಕೆ ಪೊರೆ ಸೀಳುವ ತಾಕತ್ತಿಲ್ಲ. ಆದ್ದರಿಂದಲೇ ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ಬಟನ್ ಮೊದಲು ಸತ್ತಂತೆ ಕಂಡು, ಇಪ್ಪತ್ತು ಮೂವತ್ತು ಸಲ ಒತ್ತಿದ ಮೇಲೆ ಎಚ್ಚರವಾಗುತ್ತದೆ: ಮುಖಗಳು ಉಜ್ಜಿಕೊಂಡು ಪೊರೆ ಹರಿದಿರುತ್ತದೆ. ಸಣ್ಣ ಕರೆಂಟಿಗೆಂದೇ ಚಿನ್ನದ ಲೇಪದ ಸ್ವಿಚ್ಚುಗಳನ್ನು ಮಾಡುವುದು ಈ ಕಾರಣಕ್ಕೇ. ಇನ್ನು ಸ್ವಿಚ್ಚಿನ ಕಾಲಿಗೆ ಸಿಕ್ಕಿಸುವ ಲಗ್ಗು. ಆಟಗಾರ ಹಲಗೆ ಗುದ್ದಿದಷ್ಟೂ ಅದು ಸಡಿಲವಾಗುತ್ತದೆ. ಹತ್ತಿರದಿಂದ ನೋಡಿದರೆ ಸಿಕ್ಕಿಸಿದಂತೆಯೇ ಕಾಣುತ್ತದೆ, ಮಲ್ಟಿಮೀಟರಿಗೆ ಮಾತ್ರ ನಿಜ ಗೊತ್ತಿರುತ್ತದೆ. ಮೇಲೆ ಚೆಲ್ಲಿದ ತಂಪು ಪಾನೀಯದ ಸಕ್ಕರೆ ಗುಂಡಿಯ ಸುತ್ತ ಗಟ್ಟಿಯಾಗುವುದು, ಆ ಸಕ್ಕರೆಗೆ ಇರುವೆ ಬರುವುದು, ಇರುವೆ ಸ್ವಿಚ್ಚಿನೊಳಗೆ ಸೇರುವುದು — ಕಬ್ಬಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಯಾರಕರಿಗೂ ಇದು ಗೊತ್ತಿತ್ತು ಎಂಬುದಕ್ಕೆ ಆರ್ಕೇಡ್ ಯಂತ್ರಗಳ ರಚನೆಯೇ ಸಾಕ್ಷಿ. ಹಳೆಯ ದೊಡ್ಡ ಪೆಟ್ಟಿಗೆಗಳಲ್ಲಿ ಬಟನ್ ಹಲಗೆಯನ್ನು ಪ್ರತ್ಯೇಕವಾಗಿ ಎತ್ತಿ ತೆರೆಯುವಂತೆ ಮಾಡುತ್ತಿದ್ದರು. ಬೋರ್ಡು ಆಳದಲ್ಲಿ ಇರುತ್ತಿತ್ತು, ದಿನವೂ ಬೇಕಾಗುವುದಿಲ್ಲ ಎಂಬ ಭರವಸೆಯಿಂದ. ಎಪ್ಪತ್ತರ ದಶಕದ ಯಂತ್ರಗಳ ಎಲೆಪಟ್ಟಿ ಸ್ವಿಚ್ಚುಗಳನ್ನು ಬಗ್ಗಿಸಿ ಸರಿಮಾಡಬಹುದಾಗಿತ್ತು, ನಡುವೆ ಗಟ್ಟಿ ಕಾಗದದ ಚೂರು ಎಳೆದು ಚೊಕ್ಕ ಮಾಡಬಹುದಾಗಿತ್ತು. ಅವುಗಳ ಜಾಗಕ್ಕೆ ಬಿಗಿಯಾಗಿ ಮುಚ್ಚಿದ ಮೈಕ್ರೋಸ್ವಿಚ್ಚು ಬಂದದ್ದು ಆ ನಿರಂತರ ಉಪಚಾರವನ್ನು ತಪ್ಪಿಸಲು. ಕ್ಯಾಪ್‌ಕಾಮ್ ಕಂಪನಿ 1987ರಲ್ಲಿ ಮೊದಲ ಸ್ಟ್ರೀಟ್ ಫೈಟರ್ ತಂದಾಗ ಅದರ ಒಂದು ಬಗೆಯ ಪೆಟ್ಟಿಗೆಯಲ್ಲಿ ಗಾಳಿಯ ಒತ್ತಡ ಅಳೆಯುವ ದೊಡ್ಡ ರಬ್ಬರ್ ದಿಂಬುಗಳಿದ್ದವು. ಎಷ್ಟು ಜೋರಾಗಿ ಗುದ್ದುತ್ತೀರೋ ಅಷ್ಟು ಜೋರಿನ ಏಟು. ಕಲ್ಪನೆ ಸೊಗಸಾಗಿತ್ತು, ಜನರ ಗುದ್ದಿಗೆ ಅದು ತಾಳಲಿಲ್ಲ. ಅದರ ಬದಲಿಗೆ ಬಂದ ಆರು ಬಟನ್ನಿನ ಸಾಲೇ 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಜಗತ್ತಿಗೆಲ್ಲ ಮಾದರಿಯಾಯಿತು. ಬೋರ್ಡು ದುರ್ಬಲ ಭಾಗವಾಗಿದ್ದರೆ ಉದ್ಯಮದ ಶ್ರಮವೆಲ್ಲ ಅಲ್ಲಿಗೆ ಹೋಗುತ್ತಿತ್ತು. ಅವರು ಮತ್ತೆ ಮತ್ತೆ ತಿದ್ದಿದ್ದು ಕೈ ಬೀಳುವ ಜಾಗವನ್ನು.

ಆಟದ ಮಾತು ಬಿಟ್ಟು ಹೊಲಕ್ಕೆ ಬಂದರೂ ಇದೇ. ಕೊಳವೆಬಾವಿಯನ್ನೇ ನಂಬಿದ ನಾಗಮಂಗಲದ ಬೆದ್ದಲಿನಲ್ಲಿ ಪಂಪ್‌ಸೆಟ್ ನಿಂತಿತೆಂದರೆ 'ಮೋಟ್ರು ಸುಟ್ಟೋಯ್ತು' ಎಂಬ ತೀರ್ಪು ಕೂಡಲೇ ಬರುತ್ತದೆ. ಮೋಟರು ನೂರಾರು ಅಡಿ ಕೆಳಗಿದೆ, ಕಣ್ಣಿಗೆ ಕಾಣುವುದಿಲ್ಲ, ದುಬಾರಿಯೂ ಹೌದು. ಅನುಮಾನಕ್ಕೆ ಬೇಕಾದ ಮೂರು ಲಕ್ಷಣವೂ ಅದಕ್ಕಿದೆ. ಅದನ್ನು ಮೇಲೆತ್ತಲು ಆಳು ಕರೆದು, ಪೈಪು ಒಂದೊಂದಾಗಿ ಬಿಚ್ಚಿ, ಖರ್ಚು ಮಾಡುವ ಮೊದಲು ಸ್ಟಾರ್ಟರ್ ಪೆಟ್ಟಿಗೆ ತೆರೆದವನೇ ಜಾಣ. ಅಲ್ಲಿ ಕಾಂಟ್ಯಾಕ್ಟುಗಳ ಮುಖ ಕಿಡಿ ಹೊಡೆದು ಗುಳಿ ಬಿದ್ದಿರಬಹುದು, ಕಾಯಿಲ್ ಹೋಗಿರಬಹುದು, ಓವರ್‌ಲೋಡ್ ರಿಲೇ ಟ್ರಿಪ್ ಆಗಿರಬಹುದು, ಒಂದು ಫೇಸಿನ ಫ್ಯೂಸ್ ಹೋಗಿರಬಹುದು. ಕಾಂಟ್ಯಾಕ್ಟಿನ ನಡುವೆ ಹಲ್ಲಿಯೋ ಕಟ್ಟಿರುವೆಯೋ ಸಿಕ್ಕಿ ಬೆಂದಿರುವುದೂ ಉಂಟು. ಆಟದ ಬಟನ್ನಿನಲ್ಲಿ ಕರೆಂಟು ಕಡಿಮೆಯಾಗಿ ಪೊರೆ ಉಳಿಯುತ್ತದೆ. ಸ್ಟಾರ್ಟರಿನಲ್ಲಿ ಕರೆಂಟು ಹೆಚ್ಚಾಗಿ ಮುಖವೇ ಸುಡುತ್ತದೆ. ಕಾರಣ ತದ್ವಿರುದ್ಧ, ಜಾಗ ಮಾತ್ರ ಒಂದೇ. ಎರಡು ಲೋಹಗಳು ಕೂಡಿ ಅಗಲುವಲ್ಲಿ ಯಂತ್ರ ಮೊದಲು ಸೋಲುತ್ತದೆ.

ಕೆ.ಆರ್.ಎಸ್. ಸೀಮೆಯಲ್ಲಿ ನಿಂತು ಈ ಮಾತು ಆಡುವಾಗ ಅಣೆಕಟ್ಟೆಯನ್ನು ಮರೆಯುವಂತಿಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿಯ ಕಟ್ಟೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ. ಆ ಗೋಡೆ ನಿಂತಿದೆ. ಗೇಟುಗಳನ್ನು ಮಾತ್ರ ಇತ್ತೀಚಿನ ವರ್ಷಗಳಲ್ಲಿ ನೂರಕ್ಕೂ ಹೆಚ್ಚಿನ ಸಂಖ್ಯೆಯಲ್ಲಿ ಬದಲಿಸಬೇಕಾಯಿತು. ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಮೊದಲು ಹಾಕಿ, ಆಮೇಲೆ ಇಲ್ಲಿಗೂ ತಂದ ಸ್ವಯಂಚಾಲಿತ ಗೇಟು ಅವರ ಕಾಲಕ್ಕೆ ಅಚ್ಚರಿಯ ವಸ್ತು: ನೀರು ನಿಗದಿತ ಮಟ್ಟ ಮೀರಿದರೆ ಆಳಿಲ್ಲದೆ ತೆರೆದುಕೊಂಡು, ಇಳಿದರೆ ತಾನೇ ಮುಚ್ಚಿಕೊಳ್ಳುವುದು. ಎಷ್ಟೇ ಜಾಣತನದ್ದಾದರೂ ಗೇಟು ಚಲಿಸುವ ವಸ್ತು, ಚಲಿಸುವುದು ಸವೆಯುತ್ತದೆ. ಇದರ ಕಠೋರ ಉದಾಹರಣೆ ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ ನಡೆಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ಹೊರಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಒಂದು ವಾರದೊಳಗೆ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ನೀರು ತಡೆದರು. ಅಷ್ಟು ದೊಡ್ಡ ಕಟ್ಟೆಯ ಗೋಡೆಗೆ ಏನೂ ಆಗಿರಲಿಲ್ಲ. ಕೈಕೊಟ್ಟದ್ದು ಸರಪಳಿಯ ಕೊಂಡಿ. ಆಟದ ಪೆಟ್ಟಿಗೆಯನ್ನು ಅಣೆಕಟ್ಟೆಯ ಪಕ್ಕದಲ್ಲಿ ಇಡುವುದು ಅತಿಯಾಯಿತು ಎಂದು ನಗುವವರು ನಗಲಿ. ಯಾವುದು ಮೊದಲು ಹೋಗುತ್ತದೆ ಎಂಬ ಪ್ರಶ್ನೆಗೆ ಎರಡೂ ಕೊಡುವ ಉತ್ತರ ಒಂದೇ.

ಇನ್ನು ಆಕ್ಷೇಪಗಳು. ಮೊದಲನೆಯದು ನಮ್ಮ ಹಳ್ಳಿಗಳಿಂದಲೇ ಬರುತ್ತದೆ: 'ಇಲ್ಲಿ ಕರೆಂಟು ಏರಿಳಿತ, ಮುಂಗಾರಿಗೆ ಮುಂಚೆ ಸಿಡಿಲು, ಬೋರ್ಡು ಸುಡೋದು ಸುಳ್ಳಾ?' ಸುಳ್ಳಲ್ಲ. ಸಿಡಿಲಿಗೆ ಸುಟ್ಟ ಸೆಟ್ ಟಾಪ್ ಬಾಕ್ಸುಗಳು ಊರೂರಲ್ಲೂ ಇವೆ. ಆದರೆ ಬೋರ್ಡು ಸುಟ್ಟರೆ ಅದು ಎರಡನೆಯ ಆಟಗಾರನ ಮೂರನೆಯ ಬಟನ್ನನ್ನು ಮಾತ್ರ ಆರಿಸಿಕೊಂಡು ಸುಡುವುದು ಅಪರೂಪ. ಅಂಥ ಪೆಟ್ಟು ಬಿದ್ದಾಗ ಚಿತ್ರವೇ ಬರುವುದಿಲ್ಲ, ಅಥವಾ ಒಂದು ಕಡೆಯ ನಿಯಂತ್ರಣಗಳೆಲ್ಲ ಒಟ್ಟಿಗೆ ಹೋಗುತ್ತವೆ, ಅಥವಾ ಸುಟ್ಟ ವಾಸನೆಯಾದರೂ ಇರುತ್ತದೆ. ನನ್ನ ವಾದ ಬೋರ್ಡು ಎಂದೂ ಕೆಡುವುದಿಲ್ಲ ಎಂದಲ್ಲ. ಕೆಲವು ಸಲ ಬರುವುದು, ಕೆಲವು ಸಲ ಬರದಿರುವುದು, ಒಂದೇ ಒಂದು ದಿಕ್ಕು ಕೆಲಸ ಮಾಡದಿರುವುದು, ಬಡಿದರೆ ಸರಿಯಾಗುವುದು — ಇವು ಜಾಯಿಂಟಿನ ಲಕ್ಷಣಗಳು. ಬಡಿದರೆ ಸರಿಹೋಗುವ ದೋಷಕ್ಕೆ ಚಿಪ್ಪನ್ನು ದೂರಬಾರದು; ಏಟು ಹೋಗಿ ಮುಟ್ಟುವುದು ಸಡಿಲವಾದ ಪಿನ್ನಿಗೋ ಬಿರುಕು ಬಿಟ್ಟ ಬೆಸುಗೆಗೋ.

ಎರಡನೆಯ ಆಕ್ಷೇಪ ಇಂದಿನವರದು: ಸ್ವಿಚ್ಚು ಅಗ್ಗ, ಹುಡುಕುತ್ತ ಕೂರುವುದಕ್ಕಿಂತ ಎಲ್ಲವನ್ನೂ ಕಿತ್ತು ಹೊಸದು ಹಾಕಬಾರದೇಕೆ? ಹಾಕಬಹುದು. ಆದರೆ ಇಪ್ಪತ್ತು ಬಟನ್ ಬದಲಿಸುವಾಗ ನಲವತ್ತು ಲಗ್ಗುಗಳನ್ನು ಎಳೆದು ಮತ್ತೆ ಸಿಕ್ಕಿಸಬೇಕು. ಅದುವರೆಗೆ ಗಟ್ಟಿಯಾಗಿದ್ದವೂ ಆಗ ಸಡಿಲವಾಗುತ್ತವೆ. ಒಂದು ದೋಷ ಹೋಗಿ ಎರಡು ಸೇರಿಕೊಳ್ಳುತ್ತವೆ. ಗ್ರೌಂಡ್ ಸರಪಳಿ ಕಡಿದಿದ್ದರಂತೂ ಹೊಸ ಬಟನ್ನುಗಳೂ ಸತ್ತೇ ಇರುತ್ತವೆ, ಆಗ 'ನೋಡಿದ್ಯಾ, ಬೋರ್ಡೇ' ಎಂಬ ಹಳೆಯ ತೀರ್ಪಿಗೆ ಹೊಸ ಪುರಾವೆ ಸಿಕ್ಕಂತಾಗುತ್ತದೆ. ದೋಷ ಹುಡುಕದೆ ಮಾಡಿದ ಬದಲಾವಣೆ ದೋಷದ ಗುರುತನ್ನೇ ಅಳಿಸಿಬಿಡುತ್ತದೆ. ಅನುಮಾನ ಬಂದ ಎರಡು ಬಟನ್ನುಗಳ ವೈರನ್ನು ಪರಸ್ಪರ ಅದಲು ಬದಲು ಮಾಡಿದರೆ ಕಾಸಿಲ್ಲದೆ ಉತ್ತರ ಸಿಗುತ್ತದೆ: ದೋಷ ವೈರಿನ ಜೊತೆ ಹೋಯಿತೋ, ಬಟನ್ನಿನಲ್ಲೇ ಉಳಿಯಿತೋ.

ಮೂರನೆಯದು ಎಲೆಕ್ಟ್ರಾನಿಕ್ಸ್ ಓದಿದವರ ಆಕ್ಷೇಪ, ತೂಕದ್ದು. ಉದ್ದನೆಯ ದಾರಿಯಲ್ಲಿ ದೋಷ ಹುಡುಕುವಾಗ ನಡುವಿನಲ್ಲಿ ಪರೀಕ್ಷಿಸಿ ಅರ್ಧವನ್ನು ಒಮ್ಮೆಗೇ ಕಳೆಯುವುದು ಬುದ್ಧಿವಂತಿಕೆ, ತುದಿಯಿಂದ ಯಾಕೆ ಹೋಗಬೇಕು ಎನ್ನುತ್ತಾರೆ. ದಾರಿಯ ಎಲ್ಲ ಭಾಗಗಳೂ ಕೆಡುವ ಸಾಧ್ಯತೆ ಸಮನಾಗಿದ್ದರೆ ಅವರ ಮಾತೇ ಸರಿ. ಇಲ್ಲಿ ಸಮನಾಗಿಲ್ಲ. ಗುಂಡಿ, ಸ್ವಿಚ್ಚು, ಲಗ್ಗು, ವೈರು, ಎನ್‌ಕೋಡರು, ಯುಎಸ್‌ಬಿ, ಸಾಫ್ಟ್‌ವೇರು — ಈ ಸಾಲಿನಲ್ಲಿ ಮೊದಲ ಮೂರೇ ಹೆಚ್ಚಿನ ದೂರುಗಳ ಮೂಲ. ಎಣಿಕೆಯ ನಡು ಬೇರೆ, ಸಾಧ್ಯತೆಯ ನಡು ಬೇರೆ. ಎರಡನೆಯದು ಕೈಗೆ ಬಹಳ ಹತ್ತಿರ ಇದೆ. ಆದರೂ ಈ ಆಕ್ಷೇಪದಿಂದ ನಾನು ಒಂದು ತಿದ್ದುಪಡಿ ಒಪ್ಪಿಕೊಳ್ಳುತ್ತೇನೆ. ಸಾಧ್ಯತೆಯ ಜೊತೆಗೆ ಪರೀಕ್ಷೆಯ ಖರ್ಚನ್ನೂ ತೂಗಬೇಕು. ಪೆಟ್ಟಿಗೆ ಬಿಚ್ಚದೆಯೇ ಕಂಪ್ಯೂಟರಿನ ಪರದೆಯಲ್ಲಿ ಯಾವ ಬಟನ್ ಒತ್ತಿದರೆ ಯಾವ ಅಂಕಿ ಬೆಳಗುತ್ತದೆ ಎಂದು ತೋರಿಸುವ ವ್ಯವಸ್ಥೆ ಇದೆ. ಅಪ್‌ಡೇಟ್ ಆದಮೇಲೆ ಬಟನ್ನುಗಳ ಹಂಚಿಕೆ ಕಲಸಿಹೋಗುವುದೂ ನಿಜ. ಅದನ್ನು ನೋಡಲು ನಿಮಿಷ ಸಾಕು, ಸ್ಕ್ರೂಡ್ರೈವರಿಗೆ ಕೈ ಹಾಕುವ ಮೊದಲೇ ನೋಡಬೇಕು. ಹಳೆಯ ಕೀಬೋರ್ಡಿನ ಬೋರ್ಡನ್ನೇ ಎನ್‌ಕೋಡರಾಗಿ ಬಳಸಿದ್ದರೆ ಮೂರು ಬಟನ್ ಒಟ್ಟಿಗೆ ಒತ್ತಿದಾಗ ಒತ್ತದ ನಾಲ್ಕನೆಯದು ಬಂದಂತೆ ಕಾಣಬಹುದು. ಅದು ಬೋರ್ಡಿನ ಸ್ವಭಾವವೇ ಹೊರತು ಸ್ವಿಚ್ಚಿನ ತಪ್ಪಲ್ಲ.

ನನ್ನ ನಿಯಮ ಪೂರ್ತಿ ಸೋಲುವ ಒಂದೆರಡು ಕಡೆಗಳೂ ಇವೆ. 1980ರ ಪ್ಯಾಕ್‌ಮ್ಯಾನ್ ನಾಲ್ಕೇ ದಿಕ್ಕಿನ ಆಟ. ಅದನ್ನು ಎಂಟು ದಿಕ್ಕಿನ ಜಾಯ್‌ಸ್ಟಿಕ್ಕಿನಲ್ಲಿ ಆಡಿದರೆ ತಿರುವುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಜಾಯ್‌ಸ್ಟಿಕ್ ಕೆಟ್ಟಿದೆ ಎಂದು ಎಷ್ಟು ಬಿಚ್ಚಿ ನೋಡಿದರೂ ದೋಷ ಸಿಗದು, ಕೆಟ್ಟಿರುವುದು ನಮ್ಮ ಆಯ್ಕೆ. ಬುಡದ ತಡೆಪಟ್ಟಿಯನ್ನು ನಾಲ್ಕು ದಿಕ್ಕಿಗೆ ತಿರುಗಿಸಿಕೊಂಡರೆ ಮುಗಿಯಿತು. ಇನ್ನೊಂದು ಹೆಚ್ಚು ಮೋಸದ್ದು. ಇಂದಿನ ಚಪ್ಪಟೆ ಟಿವಿಗಳು ಚಿತ್ರವನ್ನು ಚೆಂದಗಾಣಿಸಲು ಕ್ಷಣಕಾಲ ತಡೆಹಿಡಿದು ಆಮೇಲೆ ತೋರಿಸುತ್ತವೆ. ಬಟನ್ ಒತ್ತಿದ್ದಕ್ಕೂ ಮಾರಿಯೋ ಹಾರಿದ್ದಕ್ಕೂ ನಡುವೆ ಅಂತರ ಬೀಳುತ್ತದೆ. ಆಡುವವರಿಗೆ ಅದು ಕೈಯಲ್ಲೇ ಅನುಭವವಾಗುತ್ತದೆ, 'ಬಟನ್ ಎಳೀತಿದೆ' ಎನ್ನುತ್ತಾರೆ. ಕೈಯ ಕಡೆಯಿಂದ ಹೊರಟವನು ಇಲ್ಲಿ ದಿನವಿಡೀ ಸ್ವಿಚ್ಚು ತಿಕ್ಕುತ್ತ ಕೂರಬೇಕಾದೀತು. ದೋಷ ಟಿವಿಯ ಸೆಟ್ಟಿಂಗಿನಲ್ಲಿದೆ. ಗೇಮ್ ಮೋಡ್ ಹಾಕಿದರೆ ಬಹುಪಾಲು ತಡ ಹೋಗುತ್ತದೆ. ಹಳೆಯ ದಪ್ಪ ಟಿವಿಗಳಲ್ಲಿ ಈ ತಡ ಇರಲಿಲ್ಲ, ಆ ಕಾಲದ ರಿಪೇರಿಯ ಅನುಭವದಿಂದ ಬಂದ ನನ್ನ ನಿಯಮಕ್ಕೆ ಇದು ಕಾಣದೆ ಹೋಗಿದ್ದರೆ ಆಶ್ಚರ್ಯವಿಲ್ಲ. ಎಲ್ಲ ಬಟನ್ನುಗಳೂ ಸಮನಾಗಿ ತಡವಾದರೆ ಬಟನ್ನನ್ನು ಬಿಟ್ಟು ಟಿವಿಯನ್ನು ನೋಡಿ ಎಂಬ ಸೇರ್ಪಡೆಯೊಂದಿಗೆ ನಿಯಮವನ್ನು ಉಳಿಸಿಕೊಳ್ಳುತ್ತೇನೆ.

ಕೊನೆಗೆ, ಮನೆಯಲ್ಲಿ ಇಂಥ ಪೆಟ್ಟಿಗೆ ಕಟ್ಟುತ್ತಿರುವವರಲ್ಲಿ ಒಂದು ಕೋರಿಕೆ. ನಮ್ಮ ಹೊಲಗಳ ಸ್ಟಾರ್ಟರ್ ಪೆಟ್ಟಿಗೆಗಳಲ್ಲಿ ಎಷ್ಟೋ ಕಂಪನಿಗಳು ಮುಚ್ಚಳದ ಒಳಮೈಗೆ ವೈರಿಂಗ್ ನಕ್ಷೆ ಅಂಟಿಸಿರುತ್ತವೆ. ಹೊಸ ಎಲೆಕ್ಟ್ರಿಷಿಯನ್ ಬಂದರೂ ಅದನ್ನು ನೋಡಿಕೊಂಡೇ ಕೆಲಸ ಶುರುಮಾಡಬಹುದು. ಮನೆಯಲ್ಲಿ ಕಟ್ಟಿದ ಆಟದ ಪೆಟ್ಟಿಗೆಗಳಲ್ಲಿ ಇದು ಹೆಚ್ಚಾಗಿ ಇರುವುದಿಲ್ಲ. ಎಲ್ಲ ವೈರೂ ಒಂದೇ ಬಣ್ಣ, ಎಲ್ಲವೂ ಒಂದೇ ಗಂಟು. ಹಿಂಬಾಗಿಲಿನ ಒಳಗಡೆ ಒಂದು ಹಾಳೆ ಅಂಟಿಸಿ. ಯಾವ ಬಣ್ಣದ ವೈರು ಯಾವ ಬಟನ್ನಿನದು, ಎನ್‌ಕೋಡರಿನ ಎಷ್ಟನೆಯ ಕಾಲಿಗೆ ಹೋಗುತ್ತದೆ, ಗ್ರೌಂಡು ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆ ಎಂದು ಬರೆಯಿರಿ. ಗ್ರೌಂಡಿನ ಕೊನೆಯ ತುದಿಯನ್ನೂ ತಂದು ಎನ್‌ಕೋಡರಿಗೇ ಸೇರಿಸಿ ಬಳೆಯಾಗಿಸಿ. ಆಗ ನಡುವೆ ಒಂದು ಕಡೆ ಕಡಿದರೂ ಯಾವ ಬಟನ್ನೂ ಸಾಯುವುದಿಲ್ಲ. ಹಾಳೆಗೆ ಸ್ಕೆಚ್ ಪೆನ್ ಬೇಡ, ತೇವಕ್ಕೆ ಕದಡುತ್ತದೆ. ಪೆನ್ಸಿಲಿನಲ್ಲಿ ಬರೆಯಿರಿ.